ಅಕ್ಕಿ ತೊಳೆದ ನೀರು

ಬೆಳಗಿನ ಆರೂ ಹತ್ತಕ್ಕೆ ಗೋಡೆ ಉಸಿರು ಬಿಟ್ಟಿತು.

ಮೇ ತಿಂಗಳ ಹುಬ್ಬಳ್ಳಿ. ಹೊರಗೆ ಸೂರ್ಯ ಹುಟ್ಟುವ ಹೊತ್ತಿಗೇ ಮೂವತ್ತಾರು ಡಿಗ್ರಿ, ಮಧ್ಯಾಹ್ನಕ್ಕೆ ನಲವತ್ತೇಳು. ‘ಹರಿತ ನಿಲಯ’ದ ಏಳನೆಯ ಮಹಡಿಯಲ್ಲಿ ಮಾತ್ರ ಒದ್ದೆ ಬಟ್ಟೆ ಸುತ್ತಿದ ನೀರಿನ ಗಡಿಗೆಯ ಪಕ್ಕ ಕುಳಿತಂಥ ತಂಪು. ಹಾಸಿಗೆಯ ಬದಿಯಲ್ಲಿದ್ದ ಹಸಿರು ಗೋಡೆ ಒಮ್ಮೆ ಉಬ್ಬಿ, ಮೆಲ್ಲಗೆ ಇಳಿಯಿತು. ಮಣ್ಣಿನ ವಾಸನೆಯ ತಣ್ಣನೆಯ ಗಾಳಿ ನಮ್ರತಾ ಹಂಚಿನಮನಿಯ ಮುಖಕ್ಕೆ ತಾಗಿತು. ಅವಳು ಕಣ್ಣು ಬಿಡದೆಯೇ ಕೈ ಚಾಚಿ ಗೋಡೆಯನ್ನು ಸವರಿದಳು.

ಇದಕ್ಕೆ ಉಸಿರುಗೋಡೆ ಎಂದು ಹೆಸರು. ಪಾಚಿ, ಬಳ್ಳಿ, ಅಣಬೆಯ ಜಾತಿಯ ಒಂದು ಎಳೆ ಇವು ಮೂರನ್ನೂ ಕೂಡಿಸಿ ಧಾರವಾಡದ ಜೀವಕಟ್ಟಡ ಸಂಶೋಧನಾಲಯದವರು ಬೆಳೆಸಿದ ಜೀವಿ. ಹಗಲಿನಲ್ಲಿ ಅದು ಕೋಣೆಯ ಬಿಸಿಯನ್ನು ಹೀರಿ ತಂಪನ್ನು ಬಿಡುತ್ತದೆ. ವಿದ್ಯುತ್ತು ಬೇಡ, ಯಂತ್ರ ಬೇಡ. ನಲವತ್ತೆಂಟು ಮನೆಗಳ ಕಟ್ಟಡಕ್ಕೆಲ್ಲ ಇರುವುದು ಒಂದೇ ಗಿಡ. ಅದರ ರಸನಾಳಗಳು ಮಹಡಿಯಿಂದ ಮಹಡಿಗೆ ಹರಿಯುತ್ತವೆ, ಮೈಮೇಲಿನ ಕೂದಲಿನಂಥ ರುಚಿಬೇರುಗಳು ಗಾಳಿಯ ತೇವವನ್ನು ನೆಕ್ಕಿ ನೋಡುತ್ತವೆ. ಅದರ ಊಟಕ್ಕೆಂದು ‘ಮಿತಪೋಷಕ’ ಎಂಬ ದ್ರವ ಸಣ್ಣ ಕೊಳವೆಯಲ್ಲಿ ಅಳತೆಯಂತೆ ಬರುತ್ತದೆ. ಇದರ ಬಗ್ಗೆ ಎಂಬತ್ನಾಲ್ಕು ಪುಟಗಳ ಸೂಚನಾ ಪುಸ್ತಕವೂ ಪ್ರತಿ ಮನೆಯಲ್ಲಿದೆ. ಸೂಚನಾ ಪುಸ್ತಕಗಳನ್ನು ನಮ್ಮ ಜನ ಎಷ್ಟು ಆಸ್ಥೆಯಿಂದ ಓದುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ರತಾಳಿಗೆ ಐವತ್ಮೂರು ವರ್ಷ. ಮದುವೆಯ ಗೋಜಿಗೆ ಹೋಗದೆ, ಹೊಲಿಗೆ ಶಾಲೆ ನಡೆಸಿಕೊಂಡು ಇದ್ದವಳು. ಅವಳಿಗಿದ್ದ ಹುಚ್ಚು ಒಂದೇ, ಗಿಡ ಬೆಳೆಸುವುದು. ಲಿಫ್ಟಿನ ಎದುರು ಹನ್ನೆರಡು ಕುಂಡಗಳನ್ನು ಸಾಕಿದ್ದಳು. ನಾಲ್ಕು ವರ್ಷಗಳ ಹಿಂದೆ, ಎದುರು ಮನೆಯ ನಿವೃತ್ತ ಮುಖ್ಯೋಪಾಧ್ಯಾಯ, ನಿವಾಸಿಗಳ ಸಂಘದ ಕಾರ್ಯದರ್ಶಿ ವಿನಾಯಕ ಕುಂದಗೋಳ ಅವರು ‘ಓಡಾಡುವ ಜಾಗದಲ್ಲಿ ಖಾಸಗಿ ಗಿಡಗಳು ನಿಯಮಬಾಹಿರ’ ಎಂದು ಅಷ್ಟನ್ನೂ ಎತ್ತಿಸಿದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹನ್ನೆರಡು ಕುಂಡಗಳ ಪ್ರೀತಿಯೆಲ್ಲ ಒಂದು ಗೋಡೆಯ ಮೇಲೆ ಬಿತ್ತು.

ಆ ಮಂಗಳವಾರ ಅವಳು ಸ್ನಾನ ಮುಗಿಸಿ, ಅಡುಗೆ ಮಾಡಿ, ಎಂದಿನಂತೆ ಒಂಬತ್ತಕ್ಕೆ ಹೊರಡಲು ಬಾಗಿಲ ಹಿಡಿಕೆ ತಿರುವಿದಳು. ಹಿಡಿಕೆ ತಿರುಗಿತು, ಬಾಗಿಲು ಅಲುಗಲಿಲ್ಲ. ಬಗ್ಗಿ ನೋಡಿದರೆ ಚೌಕಟ್ಟಿನ ಸುತ್ತ ಬೆರಳು ಗಾತ್ರದ ಚಿಗುರುಗಳು ಬಾಗಿಲಿಗೆ ಹೊಲಿಗೆ ಹಾಕಿದ್ದವು. ಅವಳು ಕಿಟಕಿಗೆ ಓಡಿದಳು. ಅಲ್ಲಿಯೂ ಅದೇ. ನಿನ್ನೆ ಸಂಜೆ ಒಂದೆರಡು ಚಿಗುರು ಕಂಡು ‘ಎಷ್ಟ ಚಂದ ಹಬ್ಬೇತಿ’ ಎಂದು ಹಿಗ್ಗಿದ್ದು ನೆನಪಾಯಿತು.

ಹನ್ನೊಂದರ ಹೊತ್ತಿಗೆ ಬಾಗಿಲ ಹೊರಗೆ ಅರ್ಧ ಕಟ್ಟಡವೇ ನೆರೆದಿತ್ತು. ಉಸಿರುಗೋಡೆಯನ್ನು ರೂಪಿಸಿದವರಲ್ಲಿ ಒಬ್ಬರಾದ ಡಾ. ಮೈತ್ರೇಯಿ ಸವದತ್ತಿ ಧಾರವಾಡದಿಂದ ಬಂದಿದ್ದರು. ಗೋಡೆ ಅಷ್ಟು ದಪ್ಪವಾಗಿದ್ದರಿಂದ ದನಿ ಆಚೆ ಹೋಗುತ್ತಿರಲಿಲ್ಲ, ಫೋನಿನಲ್ಲೇ ಮಾತಾಡಬೇಕು. ಡಾಕ್ಟರು ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು. ಅದೊಂದು ತಪ್ಪಾಯಿತು.

“ಅಕ್ಕಾರ, ಖರೇ ಹೇಳ್ರಿ. ಗ್ವಾಡಿಗೆ ಏನಾರ ಹಾಕೀರೇನು?”

“ಏನ್ ಹಾಕ್ಲಿರಿ. ಏನೂ ಇಲ್ಲ.”

“ಏನೂ ಇಲ್ಲ?”

“ಅಕ್ಕಿ ತೊಳದ ನೀರು, ಅಷ್ಟ.”

ಹೊರಗೆ ಗುಸುಗುಸು ಎದ್ದಿತು. ಕಾರಣವಿತ್ತು. ಹರಿತ ನಿಲಯದ ಹೆಬ್ಬಾಗಿಲಲ್ಲಿ ಹಿತ್ತಾಳೆಯ ಫಲಕವೊಂದಿದೆ. ಅದರ ಮೇಲೆ ‘ಹಸಿರು ಸಂಕಲ್ಪ’ ಕೆತ್ತಿದೆ. ಮೊದಲನೆಯ ಸಂಕಲ್ಪವೇ ಅಕ್ಕಿ ತ್ಯಾಗ. ಅಕ್ಕಿ ನೀರು ಕುಡಿಯುವ ಬೆಳೆ, ಭೂಮಿಯ ಮೇಲೆ ಕಾಳಜಿ ಇರುವವರು ಜೋಳ, ನವಣೆ, ಸಜ್ಜೆಯಲ್ಲೇ ಇರಬೇಕು ಎಂದು ನಲವತ್ತೆಂಟೂ ಮನೆಯವರು ಸಹಿ ಹಾಕಿದ್ದರು. ತಿಂಗಳ ಮೊದಲ ಭಾನುವಾರ ಕುಂದಗೋಳ ಅವರು ಅದನ್ನು ಗಟ್ಟಿಯಾಗಿ ಓದಿಸುತ್ತಿದ್ದರು.

“ಎಷ್ಟ ದಿವಸದಿಂದ ಹಾಕ್ತೀರಿ?” ಡಾಕ್ಟರು ಕೇಳಿದರು.

“ನಾಕ ವರ್ಷ. ದಿನಾ ಮುಂಜಾನೆ ಏಳಕ್ಕ.”

“ಮತ್ತ?”

“ಸಂಜಿಗೆ ಮಜ್ಜಿಗಿ ಗಡಿಗಿ ತೊಳದ ನೀರು. ಚಾದ ಚರಟ. ಯುಗಾದಿಗೆ ಒಂಚೂರು ಬೇವು ಬೆಲ್ಲ.”

“ಪುಸ್ತಕ ಓದಲಿಲ್ಲೇನ್ರಿ?”

“ಓದೇನ್ರಿ. ನೀರು ಹಾಕಬ್ಯಾಡ್ರಿ ಅಂತ ಐತಿ. ಅಕ್ಕಿ ತೊಳದ ನೀರು ಹಾಕಬ್ಯಾಡ್ರಿ ಅಂತ ಎಲ್ಲೂ ಇಲ್ಲ.”

ಡಾ. ಮೈತ್ರೇಯಿ ಹಣೆ ಒತ್ತಿಕೊಂಡರು. ಹನ್ನೊಂದು ವರ್ಷಗಳ ಸಂಶೋಧನೆಯಲ್ಲಿ ಅವರು ಗೋಡೆಗೆ ಬೆಂಕಿ, ಭೂಕಂಪ, ಗೆದ್ದಲು ಎಲ್ಲವನ್ನೂ ತೋರಿಸಿ ಪರೀಕ್ಷಿಸಿದ್ದರು. ಅನ್ನ ಮಾಡುವ ಮುನ್ನ ಬಸಿದ ನೀರನ್ನು ಚೆಲ್ಲಲು ಮನಸ್ಸಾಗದೆ ಗಿಡದ ಬುಡಕ್ಕೆ ಹಾಕುವ ಹೆಂಗಸನ್ನು ಪರೀಕ್ಷೆಯಲ್ಲಿ ಸೇರಿಸಿರಲಿಲ್ಲ. ಅವರ ತಾಯಿಯೂ ಹಾಗೇ ಮಾಡುತ್ತಿದ್ದರು.

ಆಮೇಲೆ ಅವರು ವಿವರಿಸಿದರು. ಕೊಳವೆಯ ದ್ರವ ಹೊಟ್ಟೆ ತುಂಬಿಸುತ್ತದೆ, ರುಚಿ ಹತ್ತಿಸುವುದಿಲ್ಲ. ತುಸು ಹುಳಿ ಬಂದ ಅಕ್ಕಿ ನೀರು ಗೋಡೆಗೆ ರುಚಿ ಹತ್ತಿಸಿತು. ಊಟ ಬರುವ ದಿಕ್ಕಿಗೆ ಅದು ಬೆಳೆಯಿತು. ದಿನಾ ಒಂಬತ್ತಕ್ಕೆ ಬಾಗಿಲು ತೆರೆದು ಬಿಸಿಗಾಳಿ ನುಗ್ಗಿದ ಕೂಡಲೇ ಊಟ ನಿಲ್ಲುತ್ತದೆ, ಸಂಜೆ ಬಾಗಿಲು ಮುಚ್ಚಿದ ಮೇಲೆ ಮತ್ತೆ ಬರುತ್ತದೆ. ನಾಲ್ಕು ವರ್ಷಗಳಲ್ಲಿ ಗೋಡೆ ಕಲಿತ ಪಾಠ ಇಷ್ಟೇ, ಬಾಗಿಲು ಮುಚ್ಚಿದ್ದರೆ ಒಳ್ಳೆಯದು.

“ಅಂದ್ರ ನಾ ಹೊರಗ ಹೋಗೂದು ಅದಕ್ಕ ಬ್ಯಾಡಾಗೇತಿ,” ಎಂದಳು ನಮ್ರತಾ. ದನಿಯಲ್ಲಿ ಹೆದರಿಕೆಗಿಂತ ಹೆಮ್ಮೆಯೇ ಹೆಚ್ಚಿತ್ತು.

“ಹಂಗ ಅನಬ್ಯಾಡ್ರಿ. ಅದಕ್ಕ ಮಿದುಳಿಲ್ಲ.”

“ಮಿದುಳಿಲ್ಲದವರು ಪ್ರೀತಿ ಮಾಡೂದಿಲ್ಲೇನ್ರಿ?”



ಅಗ್ನಿಶಾಮಕ ದಳದವರು ಗರಗಸ ಹಿಡಿದು ಬಂದರು. ಬಾಗಿಲು ಕೊಯ್ಯುವುದು ಅರ್ಧ ಗಂಟೆಯ ಕೆಲಸ. ಆದರೆ ಮುಖ್ಯ ರಸನಾಳ ಸರಿಯಾಗಿ ಆ ಬಾಗಿಲಿನ ಚೌಕಟ್ಟಿನೊಳಗೇ ಹಾದು ಕಿಟಕಿಗಳನ್ನೂ ಸುತ್ತಿತ್ತು. ಅದನ್ನು ಕೊಯ್ದರೆ ಮೇಲಿನ ಐದು ಮಹಡಿಗಳ ಗೋಡೆಗಳು ಸಂಜೆಯೊಳಗೆ ಒಣಗುತ್ತವೆ. ಒಂಬತ್ತನೆಯ ಮಹಡಿಯಲ್ಲಿ ಹನ್ನೊಂದು ದಿನದ ಕೂಸೊಂದಿತ್ತು.

“ಕೊಯ್ಯಬ್ಯಾಡ್ರಿ,” ಎಂದಳು ನಮ್ರತಾ. “ಆ ಕೂಸು ನಲವತ್ತೇಳು ಡಿಗ್ರಿ ತಡಿಯೂದಿಲ್ಲ. ನಾ ಒಂದೆರಡು ದಿನ ಮನ್ಯಾಗ ಇದ್ರ ಏನಾಗ್ತೈತಿ? ಅಕ್ಕಿ ಐತಿ, ನೀರೈತಿ.”

ಆದರೆ ಬೆಳಕಿಲ್ಲದಾಗ ಉಸಿರುಗೋಡೆಯೂ ನಮ್ಮಂತೆಯೇ ಪ್ರಾಣವಾಯುವನ್ನು ಸೇವಿಸುತ್ತದೆ ಎಂಬುದು ಡಾಕ್ಟರಿಗೆ ಗೊತ್ತಿತ್ತು. ಕಿಟಕಿ ಪೂರ್ತಿ ಮುಚ್ಚಿ ಕತ್ತಲಾದರೆ ಆ ಮನೆಯ ಗಾಳಿ ಗುರುವಾರ ಸಂಜೆಯವರೆಗೆ ಸಾಕಾಗಬಹುದು. ಆಮೇಲೆ ಒಂದೋ ಗರಗಸ, ಇಲ್ಲವೇ ಶವ. ಅವರು ಅದನ್ನು ಮುಚ್ಚಿಡದೆ ಹೇಳಿದರು. ಇನ್ನು ಮುಂದೆ ಗೋಡೆಗೆ ಹನಿ ನೀರನ್ನೂ ಹಾಕಕೂಡದು ಎಂದು ಕಟ್ಟಪ್ಪಣೆ ಮಾಡಿದರು.

ಆ ದಿನ ಕಳೆಯುವುದು ಕಷ್ಟವಾಯಿತು. ಕಿಟಕಿಯ ಕೊನೆಯ ಸಂದು ಮಧ್ಯಾಹ್ನ ಮುಚ್ಚಿತು. ಹಸಿರು ಮೊದಲು ಕ್ಯಾಲೆಂಡರನ್ನು, ಆಮೇಲೆ ಕನ್ನಡಿಯನ್ನು, ಆಮೇಲೆ ಹೊಲಿಗೆ ಯಂತ್ರದ ಚಕ್ರವನ್ನು ತೆಗೆದುಕೊಂಡಿತು. ಕೆಮ್ಮಿದರೆ ಕೆಮ್ಮು ಗೋಡೆಯಲ್ಲೇ ಇಂಗುತ್ತಿತ್ತು. ಅವಳು ಕೋಣೆಯಿಂದ ಕೋಣೆಗೆ ನಡೆದಳು, ನಡೆಯಲು ಇದ್ದದ್ದು ಇಪ್ಪತ್ತೆರಡು ಹೆಜ್ಜೆ, ಸಂಜೆಗೆ ಹತ್ತೊಂಬತ್ತು. ಯಾವ ಗೋಡೆಗೆ ಒರಗಿ ಇಷ್ಟು ವರ್ಷ ಚಹಾ ಕುಡಿದಿದ್ದಳೋ ಅದಕ್ಕೆ ಬೆನ್ನು ತಾಗಿದರೆ ಈಗ ಥಟ್ಟನೆ ಸರಿದುಕೊಳ್ಳುತ್ತಿದ್ದಳು. ತನ್ನ ಮನೆಯೇ ತನ್ನನ್ನು ನುಂಗುತ್ತಿದೆ ಎಂದು ಅವಳಿಗೆ ಮೊದಲ ಸಲ ಹೆದರಿಕೆಯಾಯಿತು.

ಬುಧವಾರ ಬೆಳಿಗ್ಗೆ ಏಳಕ್ಕೆ ಅಭ್ಯಾಸಬಲದಿಂದ ಅಕ್ಕಿ ತೊಳೆದಳು. ಪಾತ್ರೆ ಕೈಯಲ್ಲಿ ಹಿಡಿದಾಗ ಸುತ್ತಲ ರುಚಿಬೇರುಗಳೆಲ್ಲ ನಿಮಿರಿ ಅವಳ ಕಡೆ ಬಾಗಿದವು. ಆ ನೀರನ್ನು ಅವಳು ಮೋರಿಗೆ ಸುರಿದಳು. “ಬಿಡವಾ ನನ್ನ, ಸಾಕು,” ಎಂದಳು. ಹಸಿದವರೆದುರು ಅನ್ನ ಚೆಲ್ಲಿದಂತೆ ಅವಳಿಗೆ ಸಂಕಟವಾಗಿ ಅಳು ಬಂತು.

ಹೊರಗೆ ಡಾ. ಮೈತ್ರೇಯಿ ಬಾಗಿಲ ಬುಡಕ್ಕೆ ಮಿತಪೋಷಕವನ್ನು ಸುರಿಸಿ ಕಾದರು. ಒಳಗೆ ಉಪವಾಸ, ಹೊರಗೆ ಊಟ, ಹೀಗಾದರೆ ಗೋಡೆ ಬಾಗಿಲು ಬಿಟ್ಟು ಹೊರಗೆ ಬರಬೇಕು ಎಂಬುದು ಅವರ ಲೆಕ್ಕ. ಗೋಡೆ ಅದರತ್ತ ತಿರುಗಿಯೂ ನೋಡಲಿಲ್ಲ. ಹನ್ನೊಂದರ ಹೊತ್ತಿಗೆ ನಮ್ರತಾಳಿಗೆ ತಲೆನೋವು ಶುರುವಾಗಿ, ಮಾತು ತೊದಲಿತು. ಒಳಗಿನ ಪ್ರಾಣವಾಯು ಎಷ್ಟೆಂದು ಬಾಗಿಲ ಹೊರಗೆ ತೋರಿಸುವ ಉಸಿರುಮಾಪಕದ ಮುಳ್ಳು ಲೆಕ್ಕಕ್ಕಿಂತ ಬೇಗ ಇಳಿಯುತ್ತಿತ್ತು.

ಡಾಕ್ಟರು ತಿರುಗಿ ನೆರೆದವರನ್ನು ಕೇಳಿದರು, “ಯಾರ ಮನ್ಯಾಗ ಅಕ್ಕಿ ಐತ್ರಿ?”

ಒಬ್ಬರು ಚಪ್ಪಲಿ ನೋಡಿಕೊಂಡರು, ಇನ್ನೊಬ್ಬರು ಲಿಫ್ಟಿನ ಗುಂಡಿ ನೋಡಿದರು. ಅಂಗಡಿಗಳು ಬಿಸಿಲಿಗೆ ಹೆದರಿ ಸಂಜೆ ಐದಕ್ಕೇ ತೆರೆಯುವುದು. ಅಲ್ಲಿಯವರೆಗೆ ಕಾಯುವಂತಿರಲಿಲ್ಲ.

“ನಾ ನಿಮ್ಮ ಸಂಕಲ್ಪ ಕೇಳಾಕತ್ತಿಲ್ಲ,” ಎಂದರು ಡಾಕ್ಟರು. “ಒಳಗ ಒಬ್ಬರು ಸಾಯಾಕತ್ತಾರ.”

ಕುಂದಗೋಳ ಅವರು ತಮ್ಮ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮುಖ ತಪ್ಪಿಸಿಕೊಂಡರು ಎಂದೇ ಎಲ್ಲರೂ ಅಂದುಕೊಂಡರು. ಎರಡು ನಿಮಿಷದಲ್ಲಿ ಬಾಗಿಲು ತೆರೆಯಿತು. ಅವರ ಕೈಯಲ್ಲಿ ಸ್ಟೀಲಿನ ತಪ್ಪೇಲಿ. ಅದರ ತುಂಬ ಬೆಳ್ಳಗಿನ ನೀರು.

“ಹೊಟ್ಟಿ ಸರಿ ಇಲ್ಲದಾಗ ಗಂಜಿ ಮಾಡಾಕ ಬೇಕಾಗ್ತೈತಂತ ಒಂದಿಷ್ಟು ಇಟ್ಟಿದ್ದೆ,” ಎಂದರು, ಯಾರ ಮುಖವನ್ನೂ ನೋಡದೆ.

“ಎಷ್ಟ ದಿವಸದಿಂದ ಹೊಟ್ಟಿ ಸರಿ ಇಲ್ರಿ ಸರ್?” ಹಿಂದಿನಿಂದ ಯಾರೋ ಕೇಳಿದರು.

ಕುಂದಗೋಳ ಅವರು ಸುಳ್ಳು ಹೇಳಿ ಅಭ್ಯಾಸವಿಲ್ಲದವರು. “ಸಂಕಲ್ಪ ಮಾಡಿದಾಗಿಂದ,” ಎಂದರು.

ನಗು ಹೊರಟಿತು, ಅದರ ಜೊತೆಗೇ ಬಾಗಿಲುಗಳು ತೆರೆಯತೊಡಗಿದವು. ಮೂರನೆಯ ಮಹಡಿಯಿಂದ ಒಂದು ಚರಿಗೆ ಬಂತು, ಹತ್ತರಿಂದ ಎರಡು. ಕೂಸಿನ ಅಜ್ಜಿ ಬಾಣಂತಿಯ ಅನ್ನದ ನೀರು ತಂದರು. ಸಂಜೆಯೊಳಗೆ ಮೂವತ್ತೊಂದು ಮನೆಗಳ ಅಕ್ಕಿ ಬಯಲಿಗೆ ಬಿತ್ತು. ಡಾಕ್ಟರು ಹೇಳಿದಂತೆ ಎಲ್ಲರೂ ಒಬ್ಬರಾದ ಮೇಲೊಬ್ಬರು ಸ್ವಲ್ಪಸ್ವಲ್ಪವೇ ಸುರಿದರು. ಕುಂದಗೋಳ ಅವರು ಫೋನನ್ನು ಕಿವಿಗೆ ಒತ್ತಿಕೊಂಡು ಬಾಗಿಲ ಬುಡದಲ್ಲೇ ಕುಳಿತಿದ್ದರು.

“ನಮ್ರತಾ ಅವರ, ಮಾತಾಡ್ರಿ. ಮಲಗಬ್ಯಾಡ್ರಿ.”

“ಏನ್ ಮಾತಾಡ್ಲಿ ನಿಮ್ಮ ಜೋಡಿ?” ದನಿ ಕ್ಷೀಣವಾಗಿತ್ತು.

“ಬೈರಿ. ಆ ಹನ್ನೆರಡು ಕುಂಡದ ಸಲುವಾಗಿ ಬೈರಿ.”

ಅವಳು ಬೈದಳು. ಒಂದೊಂದೇ ಗಿಡದ ಹೆಸರು ಹಿಡಿದು ಬೈದಳು. ದುಂಡುಮಲ್ಲಿಗೆ, ದೊಡ್ಡಪತ್ರೆ, ಕರಿಬೇವು. ಎಂಟನೆಯ ಕುಂಡಕ್ಕೆ ಬರುವಾಗ ಬಾಗಿಲ ಕೆಳಗಿನ ಚಿಗುರೊಂದು ಸಡಿಲಾಗಿ, ಸುರುಳಿ ಬಿಚ್ಚಿ, ನೆಲದ ಮೇಲಿನ ಬಿಳಿ ನೀರಿನ ಕಡೆ ತಿರುಗಿತು. ಆ ಸಂದಿನಿಂದ ಒಂದೆಳೆ ಗಾಳಿ ಒಳಗೆ ಹೋಯಿತು.

ಗುರುವಾರ ಮಧ್ಯಾಹ್ನ ಬಾಗಿಲು ಗೇಣಗಲ ತೆರೆಯಿತು. ನಮ್ರತಾ ಅಡ್ಡಡ್ಡವಾಗಿ ನುಸುಳಿ ಹೊರಗೆ ಬಂದಳು. ರಸನಾಳಕ್ಕೆ ಗೀರೂ ಆಗಿರಲಿಲ್ಲ. ಕೂಸು ತಂಪಿನಲ್ಲಿ ನಿದ್ದೆ ಮಾಡುತ್ತಿತ್ತು.

ಗೋಡೆಯಿಲ್ಲದ ಮನೆಗೆ ಅವಳು ಮರಳಿದಳು. ಹಸಿರೆಲ್ಲ ಊಟ ಹುಡುಕಿಕೊಂಡು ಹೊರಗೆ ಹೋಗಿತ್ತು, ಒಳಗೆ ಉಳಿದಿದ್ದು ಬರಿ ಸುಣ್ಣದ ಗೋಡೆ ಮತ್ತು ಬುಡದಲ್ಲಿ ಒಂದು ಮುಷ್ಟಿಯಷ್ಟು ಪಾಚಿ. ಕಿಟಕಿಗಳು ತೆರೆದಿದ್ದವು. ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಬೆಳಗಿನ ಆರೂ ಹತ್ತಕ್ಕೆ ಕೈ ಚಾಚಿದರೆ ಬೆಚ್ಚನೆಯ ಬರಿ ಸುಣ್ಣ ಸಿಗುತ್ತಿತ್ತು. ಬಿಡುಗಡೆಯಾದರೆ ಇಷ್ಟು ಬೇಸರವಾಗುತ್ತದೆ ಎಂದು ಅವಳು ತಿಳಿದಿರಲಿಲ್ಲ.

ಹನ್ನೆರಡನೆಯ ದಿನ ಫೋನು ಬಂತು.

“ನಮ್ರತಾ ಅವರ,” ಎಂದರು ಕುಂದಗೋಳ. ದನಿ ಸ್ವಲ್ಪ ಮುಜುಗರದ್ದು. “ನಮ್ಮ ಬಾಗಿಲ ತೆರಿವಲ್ದು.”

“ನೀವೂ ಹಾಕಿದ್ರೇನು?”

“ಎರಡು ದಿನ ನಿಮ್ಮ ಬಾಗಿಲಿಗೆ ಹಾಕಿದೆ. ಮೂರನೇ ದಿನ ಮನ್ಯಾಗ ಅಕ್ಕಿ ತೊಳದು ಚೆಲ್ಲಾಕ ಹೋದ್ರ ಅದು ನನ್ನ ಕಡೆ ನೋಡ್ತು. ಚೆಲ್ಲಾಕ ಕೈ ಏಳಲಿಲ್ಲ.”

ಡಾ. ಮೈತ್ರೇಯಿ ಅಂದೇ ವರದಿಯಲ್ಲಿ ಬರೆದರು: ಗಿಡ ಒಂದೇ ಆದ್ದರಿಂದ ಒಂದು ಮನೆಯಲ್ಲಿ ಕಲಿತ ಪಾಠ ಎಲ್ಲ ಮನೆಯ ಗೋಡೆಗೂ ಗೊತ್ತು. ರುಚಿ ಹತ್ತಿದ ಉಸಿರುಗೋಡೆಯ ಬಾಗಿಲನ್ನು ಒಳಗಿರುವವರು ತೆರೆಯಲಾರರು, ನೆರೆಯವರೇ ಹೊರಗಿನಿಂದ ತೆರೆಯಬೇಕು. ಈ ದೋಷವನ್ನು ಹೋಗಲಾಡಿಸಲು ಎರಡು ವರ್ಷ ಬೇಕಾದೀತು. ಬರೆದ ಮೇಲೆ ‘ದೋಷ’ ಎಂಬ ಪದವನ್ನು ಸ್ವಲ್ಪ ಹೊತ್ತು ನೋಡಿ, ಹಾಗೇ ಬಿಟ್ಟರು.

ನಮ್ರತಾ ಅಕ್ಕಿ ತೊಳೆದಳು. ತಪ್ಪೇಲಿ ಹಿಡಿದು ಎದುರು ಮನೆಯ ಬಾಗಿಲ ಬುಡದಲ್ಲಿ ಕುಳಿತು ಫೋನಿನಲ್ಲಿ ಕೇಳಿದಳು, “ಕಿಟಕಿ ಸಂದು ಇನ್ನೂ ತೆರದೈತ್ರಿ? ಉಸಿರಿಗೆ ತ್ರಾಸಿಲ್ಲಲ್ರಿ?”

“ತೆರದೈತಿ. ಏನೂ ತ್ರಾಸಿಲ್ಲ. ಸಾವಕಾಶ ಹಾಕ್ರಿ. ನನಗೇನು ಹೊರಗ ಅಂಥಾ ಕೆಲಸಿಲ್ಲ. ನಾಳೆನೂ ಬರ್ತೀರಲ್ಲ?”

“ಬರ್ತೇನ್ರಿ.”

ಅವಳು ಅರ್ಧ ನೀರು ಸುರಿದಳು. ಉಳಿದರ್ಧವನ್ನು ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ತನ್ನ ಮನೆಗೆ ತಂದು, ಬಾಗಿಲು ಹಾಕಿಕೊಂಡು, ಬರಿಗೋಡೆಯ ಬುಡದಲ್ಲಿದ್ದ ಆ ಒಂದು ಮುಷ್ಟಿ ಪಾಚಿಗೆ ಹಾಕಿದಳು.