ಒಳಚಿಲಕವಿಲ್ಲದ ಮನೆ

ಒದ್ದೆ ಗೋಣಿಚೀಲ, ಸೀಮೆಎಣ್ಣೆ... ಎರಡೂ ಬೆರೆತ ಆ ವಾಸನೆ ಭಾಗ್ಯಶ್ರೀಗೆ ಬಾಲ್ಯದಿಂದಲೂ ಭಯದ ವಾಸನೆ. ಬೀದರಿನ ಸೋದರತ್ತೆ ಚನಬಸವ್ವನನ್ನು ಗಂಡ ಸಿಟ್ಟು ಬಂದಾಗಲೆಲ್ಲ ಉಗ್ರಾಣಕ್ಕೆ ದೂಡಿ, ಹೊರಗಿನಿಂದ ಚಿಲಕ ಹಾಕುತ್ತಿದ್ದ. ಬಾಗಿಲ ಸಂದಿಯಿಂದ ಹೊರಬರುತ್ತಿದ್ದದ್ದು ಆ ವಾಸನೆ ಮಾತ್ರ.

ನಾಸಿಕದ ಈ ತಣ್ಣನೆಯ ಆಫೀಸಿನಲ್ಲಿ ಅದೇಕೆ ನೆನಪಾಯಿತು?

ಅವಳ ಕಣ್ಣಿಗೆ ದಪ್ಪ ವಿ.ಆರ್. ಕನ್ನಡಕ ಕಟ್ಟಿದ್ದರು, ಕಟ್ಟುವ ಮುನ್ನವೇ ಮನೆ ತೋರಿಸುವಂಥದ್ದು. ಮದುವೆಯಾದ ಮೇಲೆ ಇರಬೇಕಾದ, ಇನ್ನೂ ಪಾಯವನ್ನೇ ಅಗೆಯದ ಮನೆಯೊಳಗೆ ಅವಳು ನಡೆಯುತ್ತಿದ್ದಳು.

"ಸಾವಕಾಶ, ವಹಿನಿ," ಎನ್ನುತ್ತ ಡಿಸೈನರ್ ಉತ್ಕರ್ಷ ಅವಳ ಕಾಲಿಗೆ ತಾಗದಂತೆ ಕುರ್ಚಿ ಸರಿಸಿದ. ಮದುವೆಗೆ ಮೊದಲೇ ಅತ್ತಿಗೆ ಎನ್ನುತ್ತಿದ್ದಾನಲ್ಲ ಎಂದು ಅವಳಿಗೆ ನಗು ಬಂತು.

"ಮುಂದ ಅಡಗಿಮನಿ ಅದ. ಹೋಗ್ರಿ," ಹಿಂದಿನಿಂದ ಸಂಗಮನಾಥನ ದನಿ.

ತಿಂಗಳುಗಟ್ಟಲೆ ಫೋನಿನಲ್ಲಷ್ಟೇ ಕೇಳಿದ್ದ ದನಿ. ಸಂಭಾಜಿನಗರದವನು, ಅಲ್ಲೇ ಹತ್ತಿರದ ವಾಳೂಜಿನ ಕಾರ್ಖಾನೆಯಲ್ಲಿ ಕೆಲಸ. ಮುಂದಿನ ವಾರ ಅವನೊಡನೆ ನಿಶ್ಚಿತಾರ್ಥ. ಎದುರಾದದ್ದು ಇಂದೇ ಮೊದಲು. ಕಣ್ಣೆತ್ತಿ ಸರಿಯಾಗಿ ನೋಡುವ ಮೊದಲೇ ಕನ್ನಡಕ ಕಟ್ಟಿದ್ದರು. ಆ ದನಿ ಇಷ್ಟು ಹತ್ತಿರದಲ್ಲಿ... ಅವಳ ಕಿವಿ ಬಿಸಿಯಾಯಿತು.

ಅಡುಗೆಮನೆಗೆ ಬೆಳಗಿನ ಬಿಸಿಲು. ಅವಳು ನಕ್ಕಳು. ಬಚ್ಚಲಮನೆಗೆ ಹೊಕ್ಕು ತಿರುಗಿದಳು.

ಬಾಗಿಲಿಗೆ ಒಳಗಡೆ ಚಿಲಕವಿಲ್ಲ.

ಮಲಗುವ ಕೋಣೆಗೆ ಹೋದಳು. ಅಲ್ಲಿಯೂ ಇಲ್ಲ. ಹೊರಗೆ ಬಂದು ನೋಡಿದರೆ ಪ್ರತಿ ಬಾಗಿಲಿನ ಹೊರಮೈಗೆ ಹೊಳೆಯುವ ಉಕ್ಕಿನ ಚಿಲಕ!

"ಉತ್ಕರ್ಷ, ಒಳಗ ಚಿಲಕ ಮರೆತ್ರೇನು?"

"ಇಲ್ಲ ವಹಿನಿ. ಸರ್ ಅವರೇ ತೆಗೆಸಿದ್ರು. ಒಂದೂ ಇರಬಾರದು ಅಂದ್ರು."

ಕನ್ನಡಕ ಕಿತ್ತು ಸಂಗಮನಾಥನನ್ನು ನೋಡಿದಳು. ಅವನು ಕಣ್ಣು ತಪ್ಪಿಸಿದ.

"ಯಾಕ್ರಿ?"

"ಬ್ಯಾಡಂದ್ರ ಬ್ಯಾಡ್ರಿ."

ಫೋನಿನ ಆ ಮೆದು ದನಿ ಇದಲ್ಲ. ಸ್ವಲ್ಪ ಹೊತ್ತಿಗೆ ಅವನೇ ನೀರಿನ ಲೋಟ ಚಾಚಿದ. ಅವಳು ಮುಟ್ಟಲಿಲ್ಲ.

ಆಮೇಲೆ ಅವಳು ಅವನ ಫೋನ್ ಎತ್ತಲಿಲ್ಲ. ಭಾನುವಾರ ಯಾರಿಗೂ ಹೇಳದೆ ಸಂಭಾಜಿನಗರದ ಬಸ್ಸು ಹತ್ತಿದಳು. ಈ ಮದುವೆ ಬೇಡವೆಂದು ಅವನೆದುರೇ ಹೇಳಬೇಕಿತ್ತು... ಅಷ್ಟು ಪ್ರೀತಿಸಿದ್ದಳು.

ಬಾಗಿಲು ತೆರೆದವರು ಅವನ ತಾಯಿ ಈರಮ್ಮ. "ಒಬ್ಬಾಕಿನೇ ಬಂದಿ? ಬಾರವ್ವ, ಕೂಡು," ಎಂದು ಫ್ಯಾನ್ ಹಾಕಿ ಒಳಗೆ ಹೋದರು.

ಭಾಗ್ಯಶ್ರೀಯ ಕಣ್ಣು ಬಚ್ಚಲಮನೆಯತ್ತ ಹೊರಳಿತು. ಅಲ್ಲಿ ಬಾಗಿಲೇ ಇಲ್ಲ! ಚೌಕಟ್ಟಿನಲ್ಲಿ ಬರಿಯ ಕೀಲುಗಳು, ಮುಂದೊಂದು ಪರದೆ.

ಸಂಗಮನಾಥ ಬಂದು ನಿಂತ.

"ಯಾರ್ನ ಕೂಡಿಹಾಕ್ಲಿಕ್ಕ ಆ ಮನಿ ಕಟ್ಟಸ್ಲಿಕ್ಕತ್ತೀರಿ? ನನ್ನೇನು?"

ಅವನ ಮುಖ ಬಿಳಚಿತು. "ಕೂಡಿಹಾಕ್ಲಿಕ್ಕಾ...?"

ಅವನು ಬಾಗಿಲಿಲ್ಲದ ಆ ಚೌಕಟ್ಟಿನತ್ತ ತಿರುಗಿದ.

"ತಂಗಿ ಸರೋಜಿನಿ ಜ್ವರ ಬಂದು ಹೋದ್ಲು ಅಂತ ಮಂದಿಗೆ ಹೇಳೀವಿ. ಸುಳ್ಳು ಅದು. ಬಚ್ಚಲದಾಗ ಗ್ಯಾಸ್ ಗೀಝರ್ ಇತ್ತು. ಚಳಿ ಅಂತ ಕಿಟಕಿ ಮುಚ್ಚಿದ್ಲು, ಅದರ ವಿಷಗಾಳಿ ಒಳಗೇ ತುಂಬಿತ್ತು. ಹಾಡ್ಕೋತ ಸ್ನಾನಾ ಮಾಡ್ಲಿಕ್ಕತ್ತಿದ್ಲು. ಹಾಡು ಯಾವಾಗ ನಿಂತಿತೋ ನನಗ ತಿಳೀಲಿಲ್ಲ. ಒಳಗ ಚಿಲಕ ಹಾಕಿತ್ತು. ನಾ ಬಾಗಲಾ ಒಡಿಯೋದ್ರಾಗ..."

"ಜ್ವರ ಅಂತ ಯಾಕ ಹೇಳಿದ್ರಿ?"

"ಮದುವಿ ಆಗದ ಹುಡುಗಿ, ಬಚ್ಚಲದಾಗ ಸತ್ತಾಳ ಅಂದ್ರ ಮಂದಿ ಏನೇನು ಆಡ್ತಾರ, ನಿಮಗ ಗೊತ್ತಿಲ್ಲೇನ್ರಿ?"

"ಮತ್ತ... ಹೊರಗಿನ ಚಿಲಕ?"

"ಬಾಗಲಾ ಮುಚ್ಚಿರ್ಲಿ ಅಂತ ಹಾಕ್ಸಿದ್ದು, ಯಾರ್ನರೆ ಕೂಡಿಹಾಕಬಹುದು ಅನ್ನೋ ವಿಚಾರಾನೇ ಬರಲಿಲ್ಲ. ನಾ ಒಳಗ ಹ್ಯಾಂಗ ಹೋಗ್ಲಿ ಅನ್ನೋದಷ್ಟೇ ತಲ್ಯಾಗ."

ಅವಳು ಚನಬಸವ್ವನ ಕಥೆ ಹೇಳಿದಳು. ಅವನು ಕೇಳಿ, ಅಲ್ಲೇ ನಿಂತು ಉತ್ಕರ್ಷನಿಗೆ ಫೋನ್ ಮಾಡಿದ. ಹೊರಗಿನ ಚಿಲಕಗಳನ್ನೆಲ್ಲ ತೆಗೆಯಲು ಹೇಳಿದ.

"ಒಳಗಿನವು ಹಾಕಸ್ರಿ," ಎಂದಳು ಭಾಗ್ಯಶ್ರೀ.

ಅವನು ಬೇಡವೆಂಬಂತೆ ತಲೆಯಾಡಿಸಿದ.

"ಹೊರಗಿಂದ ಕೀಲಿ ಹಾಕಿ ತೆಗಿಯೋವಂಥಾದ್ದು," ಎಂದಳು ಅವಳು. " ಗೀಝರ್ ಮನಿ ಹೊರಗ. ನಾ ಸ್ನಾನಕ್ಕ ಹೋದ್ರ ನೀವು ಕರೀರಿ, ಓ ಅಂತೀನಿ."

"ಭಾಳ ಸಲ ಕರೀತೀನಿ. ಬ್ಯಾಸರ ಆಗ್ತದ."

"ಆಗ್ಲಿ."

"ಈ ಅಂಜಿಕಿ ಹೋಗೂದಿಲ್ಲ, ಭಾಗ್ಯಶ್ರೀ."

"ನಂದೂ ಹೋಗೂದಿಲ್ರಿ."

ಮೊದಲ ಬಾರಿಗೆ ಅವನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ಬ್ಯಾಡ ಅನ್ಲಿಕ್ಕ ಬಂದಿದ್ರಿ, ಹೌದಿಲ್ಲೋ?"

"ಹೌದು."

"ಈಗ?"

"ಈಗ ಹಸಿವಾಗ್ಯದ್ರಿ."

ಅವನು ನಗಲು ಹೋಗಿ ಅತ್ತುಬಿಟ್ಟ. ಅವಳು ಅವನ ಕೈ ಹಿಡಿದಳು. ಹಿಡಿದೇ ನಿಂತಳು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಎಂದೋ ನಿಂತಿತ್ತು. ಈರಮ್ಮ ಬಂದರು. ಬಿಸಿ ರೊಟ್ಟಿ, ಪುಂಡಿಪಲ್ಯದ ತಟ್ಟೆಯನ್ನು ಭಾಗ್ಯಶ್ರೀಯ ಇನ್ನೊಂದು ಕೈಗೆ ಕೊಟ್ಟು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದರು.