ಬೆಟ್ಟ ಹೊತ್ತ ಹೆಗ್ಗುಂಡ

ಬಹಳ ಹಿಂದೆ, ಬೆಟ್ಟದಷ್ಟು ಎತ್ತರದ ಜನ ಈ ನೆಲದ ಮೇಲೆ ಓಡಾಡುತ್ತಿದ್ದ ಕಾಲದಲ್ಲಿ, ಮಣಿಗೆರೆ ಅಂತ ಒಂದು ರಾಜ್ಯವಿತ್ತು. ಆ ಎತ್ತರದ ಜನರನ್ನು ಎಲ್ಲರೂ ಹಿರಿಮೈಯವರು ಎಂದು ಕರೆಯುತ್ತಿದ್ದರು. ನಿಂತರೆ ಅವರ ತಲೆ ಮೋಡಕ್ಕೆ ತಾಗುತ್ತಿತ್ತು. ಬೇವಿನ ಮರವನ್ನೇ ಕಿತ್ತು ಹಲ್ಲುಜ್ಜುತ್ತಿದ್ದರು. ಮಣಿಗೆರೆಯ ಕೋಟೆಗೆ ಕಲ್ಲು ತಂದವರು ಅವರೇ. ಒಂದೊಂದು ಕಲ್ಲು ಒಂದು ಮನೆಯಷ್ಟಿತ್ತು. ಅದನ್ನು ಕಂಕುಳಲ್ಲಿ ಇರುಕಿಕೊಂಡು ಹಾಡು ಹೇಳುತ್ತಾ ಬರುತ್ತಿದ್ದರು.

ಮೈಗೆ ತಕ್ಕ ಹೊಟ್ಟೆ. ಬೆಳಗ್ಗೆ ಒಂದು ಗಾಡಿ ರೊಟ್ಟಿ, ಮಧ್ಯಾಹ್ನಕ್ಕೆ ರಾಶಿ ರಾಶಿ ಮುದ್ದೆ, ಮೇಲೆ ಕೊಳದಷ್ಟು ಮಜ್ಜಿಗೆ. ಅವರು ಉಂಡು ತೇಗಿದರೆ ಸುತ್ತಲ ಊರುಗಳ ಹಂಚು ಅಲುಗುತ್ತಿದ್ದವು.

ಒಂದು ವರ್ಷ ಮಿಡತೆ ಬಂದು ಪೈರೆಲ್ಲ ತಿಂದುಹಾಕಿತು. ಆಗಿನ ದೊರೆ ಹಿರಿಮೈಯವರ ಮುಂದೆ ನಿಂತು, "ನಿಮ್ಮ ಹೊಟ್ಟೆ ತುಂಬಿಸೋ ಶಕ್ತಿ ನಮಗಿಲ್ಲ. ಬೇರೆ ಕಡೆ ಹೊರಟುಹೋಗಿ" ಎಂದುಬಿಟ್ಟ. ಅವರು ಒಂದು ಸಲ ಒದ್ದಿದ್ದರೆ ಊರೇ ಇರುತ್ತಿರಲಿಲ್ಲ. ಅವರು ಒದೆಯಲಿಲ್ಲ. ಯಾರ ಮನೆಯ ಮೇಲೂ ಕಾಲಿಡದ ಹಾಗೆ ಜೋಪಾನವಾಗಿ ಹೆಜ್ಜೆ ಹಾಕುತ್ತಾ ಉತ್ತರದ ಕಣಿವೆಗಳ ಕಡೆ ಹೊರಟುಹೋದರು.

ಕಾಲ ಉರುಳಿತು. ಆ ದೊರೆಯ ಮೊಮ್ಮಗ ಮಾಳವರಸ ಪಟ್ಟಕ್ಕೆ ಬಂದ. ಆಗ ಧೂಮಾಕ್ಷನೆಂಬ ಮಾಂತ್ರಿಕ ಹೊಗೆಯ ಕುದುರೆ ಏರಿ ಅರಮನೆಗೆ ಬಂದ.

"ಕಿರೀಟ ಕೊಡು. ನಿನ್ನ ಪ್ರಜೆಗಳೆಲ್ಲ ನನ್ನ ಜೀತಕ್ಕೆ ಬರಲಿ."

"ಪ್ರಾಣ ಕೊಟ್ಟೇನು, ಪ್ರಜೆಗಳನ್ನು ಕೊಡೆ" ಎಂದ ಮಾಳವರಸ.

ಮಾಂತ್ರಿಕ ನಕ್ಕ. ಊರಾಚೆಯ ಕರಿಗಲ್ಲು ಬೆಟ್ಟದ ಹತ್ತಿರ ಹೋಗಿ ಅದರ ಬೆನ್ನಿಗೆ ಒಂದು ಏಟು ಕೊಟ್ಟು, "ನಡಿ!" ಎಂದ. ಬೆಟ್ಟಕ್ಕೆ ಕಾಲು ಮೂಡಿದವು. ಅದು ಎದ್ದು, ಮೈಮೇಲಿನ ಮರಗಳನ್ನು ಕೊಡವಿ, ಊರಿನ ಕಡೆ ಹೆಜ್ಜೆ ಇಟ್ಟಿತು. ಸೈನಿಕರು ಬಾಣ ಬಿಟ್ಟರು, ಬೆಟ್ಟಕ್ಕೆ ನಾಟಲಿಲ್ಲ. ಆನೆಗಳು ಅಡ್ಡ ನಿಂತವು, ಬೆಟ್ಟ ಅವನ್ನು ಬದಿಗೆ ತಳ್ಳಿತು. ಜನ ಊರು ಬಿಟ್ಟು ಓಡಿದರೆ ಅವರು ಓಡಿದ ಕಡೆಗೇ ತಿರುಗಿತು. ದಿನ ದಿನಕ್ಕೂ ಅದರ ನೆರಳು ಕೋಟೆಗೆ ಹತ್ತಿರವಾಯಿತು.

ಮಾಳವರಸನ ಮಗಳು ಹೊನ್ನಲೆ ತಂದೆಯ ಮುಂದೆ ನಿಂತಳು.

"ಅಪ್ಪಾಜಿ, ಬೆಟ್ಟ ಹಿಡಿಯೋರು ಒಂದು ಕಾಲದಲ್ಲಿ ನಮ್ಮೂರಲ್ಲೇ ಇದ್ದರು. ನಾನು ಹೋಗಿ ಕರೀತೀನಿ."

"ನಾವೇ ಅಟ್ಟಿದವರು ಕಣಮ್ಮ. ಯಾವ ಮುಖ ಇಟ್ಕೊಂಡು ಕರೀತೀಯ?"

"ಇರೋ ಮುಖಾನೇ ಇಟ್ಕೊಂಡು ಹೋಗ್ತೀನಿ" ಎಂದು ಹೊನ್ನಲೆ ಕುದುರೆ ಏರಿದಳು.

ಕಾಡು ದಾಟಿ, ಮರಳು ದಾಟಿ, ಉತ್ತರದ ಕಣಿವೆಗೆ ಬಂದಳು. ಅಲ್ಲಿ ಪಾಚಿ ಬೆಳೆದ ಒಂದು ಗುಡ್ಡವಿತ್ತು. ಕುದುರೆ ಅದರ ಮೇಲೆ ಕಾಲಿಟ್ಟಿತೋ ಇಲ್ಲವೋ, ಗುಡ್ಡ ಮಡಚಿಕೊಂಡಿತು. ಅದು ಒಬ್ಬ ಮುದುಕನ ಮೊಣಕಾಲು. ಮುದುಕ ಎದ್ದು ಕೂತ. ಅವನ ಗಡ್ಡದಿಂದ ಹಕ್ಕಿಗಳು ಹಾರಿದವು. ಅವನೇ ಹೆಗ್ಗುಂಡ.

"ಅಜ್ಜ, ನಿಮ್ಮವರೆಲ್ಲ ಎಲ್ಲಿ?" ಎಂದು ಹೊನ್ನಲೆ ಕೇಳಿದಳು.

ಹೆಗ್ಗುಂಡ ಸುತ್ತಲ ಬೆಟ್ಟಗಳನ್ನು ತೋರಿಸಿದ. "ಹಸಿದು ಹಸಿದು ಒಬ್ಬೊಬ್ಬರೇ ಮಲಗಿದರು. ಮಲಗಿದವರು ಹಾಗೇ ಬೆಟ್ಟ ಆದರು. ನಾನೊಬ್ಬ ಉಳಿದೆ. ನೀನು ಯಾರ ಮನೆ ಮಗು?"

ಹೊನ್ನಲೆ ಏನನ್ನೂ ಮುಚ್ಚಿಡಲಿಲ್ಲ. "ನಿಮ್ಮನ್ನು ಹೊರಡಿ ಅಂದ ದೊರೆಯ ಮರಿಮಗಳು. ಈಗ ಒಂದು ಬೆಟ್ಟ ನಮ್ಮೂರನ್ನ ತುಳಿಯೋಕೆ ಬರ್ತಿದೆ. ಕಾಪಾಡಿ ಅಂತ ಕೇಳೋಕೆ ಬಂದೆ."

ಹೆಗ್ಗುಂಡ ಬಗ್ಗಿ ಅವಳ ಹತ್ತಿರಕ್ಕೆ ಮುಖ ತಂದ. ಆಮೇಲೆ, "ತಿನ್ನೋಕೆ ಏನು ತಂದಿದ್ದೀಯ?" ಎಂದ.

ಅವಳ ಹತ್ತಿರ ಇದ್ದದ್ದು ದಾರಿಗೆಂದು ಕಟ್ಟಿಕೊಂಡ ರೊಟ್ಟಿಯ ಗಂಟು. ಪೂರಾ ಬಿಚ್ಚಿ ಕೊಟ್ಟಳು. ಅವನು ಅದನ್ನು ನಾಲಿಗೆಯ ತುದಿಗಿಟ್ಟುಕೊಂಡು ಕಣ್ಣು ಮುಚ್ಚಿದ.

"ಎಳ್ಳು ಹಚ್ಚಿದ್ದಾರೆ. ಈ ರುಚಿ ಮರೆತೇ ಹೋಗಿತ್ತು. ನಡಿ ತಾಯಿ, ಹೋಗೋಣ."

ಅವಳನ್ನೂ ಕುದುರೆಯನ್ನೂ ಹೆಗಲ ಮೇಲೆ ಕೂರಿಸಿಕೊಂಡು ಹೊರಟ. ಧೂಮಾಕ್ಷನಿಗೆ ಇದು ತಿಳಿಯಿತು. ಮೊದಲು ಒಂದು ಕಬ್ಬಿಣದ ಕೋಣವನ್ನು ಕಳಿಸಿದ. ಅದರ ಉಸಿರಿಗೆ ಕಾಡು ಹೊತ್ತಿ ಉರಿಯುತ್ತಿತ್ತು. ಹೆಗ್ಗುಂಡ ಅದರ ಕೊಂಬು ಹಿಡಿದು, ತುಂಟ ಕರುವನ್ನು ಬಗ್ಗಿಸಿದ ಹಾಗೆ ನೆಲಕ್ಕೆ ಬಗ್ಗಿಸಿದ. ಕೊಂಬು ಎರಡೂ ಮಣ್ಣಲ್ಲಿ ಹೂತುಕೊಂಡವು. ಕೋಣ ಅಲ್ಲೇ ತುಕ್ಕು ಹಿಡಿಯಿತು.

ಆಮೇಲೆ ಮಾಂತ್ರಿಕ ಹೊಳೆಗೆ ಪ್ರವಾಹ ಎಬ್ಬಿಸಿದ. ಕೆಂಪು ನೀರು ಮರಗಳನ್ನು ಉರುಳಿಸಿಕೊಂಡು ಬಂತು. "ಸದ್ಯ, ಬಾಯಾರಿಕೆ ಆಗಿತ್ತು" ಎಂದು ಹೆಗ್ಗುಂಡ ದಡದಲ್ಲಿ ಕೂತು, ಬೊಗಸೆ ಬೊಗಸೆ ಎತ್ತಿ ಪ್ರವಾಹವನ್ನೆಲ್ಲ ಕುಡಿದ. ಮೀನುಗಳನ್ನು ಮಾತ್ರ ಬೆರಳ ಸಂದಿಯಿಂದ ಮತ್ತೆ ಹೊಳೆಗೇ ಬಿಟ್ಟ.

ಊರು ಮುಟ್ಟುವ ಹೊತ್ತಿಗೆ ಬೆಟ್ಟ ಕೋಟೆಯ ಮೇಲೆ ಕಾಲೆತ್ತಿತ್ತು. ಹೆಗ್ಗುಂಡ ಹೊನ್ನಲೆಯನ್ನು ಕೆಳಗಿಳಿಸಿ ಓಡಿಹೋದ. ಬೆಟ್ಟದ ಹೊಟ್ಟೆಯಡಿ ಬೆನ್ನು ಕೊಟ್ಟು, ಗುಡುಗಿನ ಹಾಗೆ ಒಂದು ಹೂಂಕಾರ ಹಾಕಿ, ಅದನ್ನು ನೆಲದಿಂದ ಮೇಲಕ್ಕೆತ್ತಿದ. ಬೆಟ್ಟದ ಕಾಲುಗಳು ಗಾಳಿಯಲ್ಲಿ ಒದೆದಾಡಿದವು.

"ನೆಲ ತಾಗದೆ ಇದ್ದರೆ ಇದರ ಮಾಯೆ ಸೊರಗುತ್ತೆ" ಎಂದ ಹೆಗ್ಗುಂಡ. "ಸೊರಗೋವರೆಗೂ ಹೊತ್ತಿರ್ತೀನಿ. ಆದರೆ ತಾಯಿ, ನನ್ನ ಎರಡು ಕೈಯೂ ಖಾಲಿ ಇಲ್ಲ. ಹೊಟ್ಟೆ ಮಾತ್ರ ಖಾಲಿ ಇದೆ."

ಮಾಳವರಸ ಕಣಜಗಳ ಬಾಗಿಲು ತೆಗೆಸಿದ. ಬೀದಿಯಲ್ಲೇ ಒಲೆ ಹೂಡಿದರು. ಹೆಂಗಸರು ಮುದ್ದೆ ತೊಳಸಿದರು, ಗಂಡಸರು ಹುರುಳಿ ಸಾರಿನ ಕೊಪ್ಪರಿಗೆ ಹೊತ್ತರು. ಅವನ ಎದೆಗೆ ಏಣಿಯ ಮೇಲೆ ಏಣಿ ಕಟ್ಟಿ, ಕೈಯಿಂದ ಕೈಗೆ ದಾಟಿಸಿ, ಭುಜದ ಮೇಲೆ ನಿಂತವರು ಬಾಯಿಗೆ ಎಸೆದರು. ಅವನು ಗುಳುಂ ಗುಳುಂ ನುಂಗಿದ. ದೊರೆಯೇ ಸೊಂಟಕ್ಕೆ ವಸ್ತ್ರ ಬಿಗಿದು ಮಜ್ಜಿಗೆ ಹೊತ್ತ. ಒಬ್ಬ ಅಜ್ಜಿ, "ನಿಧಾನ ಕಣಪ್ಪ, ನೆತ್ತಿಗೆ ಹತ್ತೀತು!" ಎಂದು ಕೆಳಗಿಂದಲೇ ಗದರಿದಳು.

ಹೊತ್ತು ಇಳಿಯಿತು. ಬೆಟ್ಟದ ಒದೆತ ಮೆತ್ತಗಾಯಿತು. ಆದರೆ ಕಣಜಗಳೂ ಬರಿದಾದವು. ಹೆಗ್ಗುಂಡನ ಬೆನ್ನು ಬಾಗತೊಡಗಿತು.

ಆಗ ಧೂಮಾಕ್ಷ ನೊಣದ ರೂಪ ತಾಳಿ ಅವನ ಕಿವಿಯ ಹತ್ತಿರ ಬಂದ. "ಹುಚ್ಚ! ಇವರೇ ಅಲ್ಲವಾ ನಿನ್ನವರನ್ನು ಹಸಿದು ಸಾಯಲು ಬಿಟ್ಟವರು? ನಾಳೆ ನಿನ್ನನ್ನೂ ಅಟ್ಟುತ್ತಾರೆ. ಕೈ ಬಿಡು. ಬೆಟ್ಟ ಬೀಳಲಿ."

ಹೆಗ್ಗುಂಡನ ಕಣ್ಣು ಕತ್ತಲಿಟ್ಟಿತು. ಬೆಟ್ಟ ಒಂದಿಷ್ಟು ಜಾರಿತು. ಜನ ಚೀರಿದರು. ಹೊನ್ನಲೆ ಉಳಿದಿದ್ದ ಒಂದೇ ಮುದ್ದೆ ಎತ್ತಿಕೊಂಡು ಏಣಿ ಹತ್ತಿ ಭುಜದ ಮೇಲೆ ಬಂದಳು. ನೊಣದ ಮಾತು ಅವಳ ಕಿವಿಗೂ ಬಿತ್ತು.

"ಅಜ್ಜ, ಅವನು ಹೇಳಿದ್ದು ಸುಳ್ಳಲ್ಲ. ನಮ್ಮವರು ಮಾಡಿದ್ದು ತಪ್ಪು. ಇನ್ನು ನಮ್ಮ ಹತ್ತಿರ ಕಾಳೂ ಇಲ್ಲ. ಇದೊಂದೇ ಮುದ್ದೆ. ಆದರೆ ಇನ್ನು ಮೇಲೆ ನೀವು ಹಸಿದಿದ್ದರೆ ಈ ಊರೂ ಹಸಿದಿರುತ್ತೆ. ನಿಮ್ಮನ್ನ ಹೋಗಿ ಅನ್ನೋರು ಯಾರೂ ಇಲ್ಲ."

ನೊಣ ಸಿಟ್ಟಿನಿಂದ ಹದ್ದಿನಷ್ಟು ದೊಡ್ಡದಾಗಿ ಅವಳ ಮೇಲೆರಗಿತು. ಹೆಗ್ಗುಂಡ ತಟ್ಟನೆ ಕತ್ತು ತಿರುಗಿಸಿ ಬಾಯಿ ತೆರೆದ. ಗುಳುಂ! ಮಾಂತ್ರಿಕ ಹೊಟ್ಟೆಗೆ ಇಳಿದ. ಆ ಹೊಟ್ಟೆಯಲ್ಲಿ ಕರಗದ್ದು ಯಾವುದಿತ್ತು?

ಬೆಟ್ಟದ ಕಾಲುಗಳು ಒಣ ಮಣ್ಣಿನಂತೆ ಉದುರಿದವು. ಹೆಗ್ಗುಂಡ ಅದನ್ನು ಹೊತ್ತೊಯ್ದು, ಮೊದಲಿದ್ದ ಕಡೆಯೇ ಮೆಲ್ಲಗೆ ಇಟ್ಟ. ಆಮೇಲೆ ಮುಖ ಕಿವುಚಿ, "ಥೂ, ಕಹಿ! ಆ ಮುದ್ದೆ ಇಲ್ಲಿ ಕೊಡು ತಾಯಿ" ಎಂದ.

ಆ ವರ್ಷ ಮಣಿಗೆರೆಯವರು ಗೆಡ್ಡೆ ಗೆಣಸು ತಿಂದು, ಅದರಲ್ಲೇ ಹೆಗ್ಗುಂಡನಿಗೂ ಪಾಲು ಕೊಟ್ಟು ದಿನ ತಳ್ಳಿದರು. ಅವನೂ ಸುಮ್ಮನೆ ಕೂರಲಿಲ್ಲ. ಆಲದ ಮರದ ಕಾಂಡವನ್ನು ನೇಗಿಲು ಮಾಡಿಕೊಂಡು, ಯಾರೂ ಉಳದಿದ್ದ ಬಂಜರನ್ನೆಲ್ಲ ಉತ್ತ. ಅವನು ಒಂದು ಸಾಲು ಹೊಡೆದರೆ ಒಂದು ಕಾಲುವೆಯಾಯಿತು. ಸುಗ್ಗಿಗೆ ಬಂದ ರಾಗಿಗೆ ಕಣಜಗಳು ಸಾಲದೆ ಹೋದವು.

ಸುಗ್ಗಿಯ ಊಟಕ್ಕೆ ಊರೆಲ್ಲ ಅವನ ಸುತ್ತ ಕೂತಿತು. ಹೊನ್ನಲೆ ಬಡಿಸಿದಳು, ಅವನು ಉಂಡ. ಮತ್ತೆ ಬಡಿಸಿದಳು, ಮತ್ತೆ ಉಂಡ. ಇನ್ನೊಮ್ಮೆ ಬಡಿಸಲು ಬಂದಾಗ ಹೆಗ್ಗುಂಡ ಎಲೆಯ ಮೇಲೆ ಕೈ ಅಡ್ಡ ಇಟ್ಟು, "ಸಾಕು ಮಗಳೇ" ಎಂದ.

ಹಿರಿಮೈಯವರ ಬಾಯಲ್ಲಿ ಆ ಮಾತನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ. ಊರೆಲ್ಲ ಎದ್ದು ಕುಣಿಯಿತು. ಅವರ ಒಲೆ ಆರಲಿಲ್ಲ, ಅವರ ನಗು ಬತ್ತಲಿಲ್ಲ. ಕತೆ ಕೇಳಿದ ನಮ್ಮ ನಿಮ್ಮ ಮನೆಯಲ್ಲೂ ಹಾಗೇ ಇರಲಿ.