ನುಸಿಗುಳಿಗೆಯ ಕೋಟು

ಬೆಳಿಗ್ಗೆ ಬಾಗಿಲು ತೆಗೆದರೆ ಸರ್ಕಾರಿ ಲಸಿಕೆ ಉಗ್ರಾಣದ ಶೀತಕೋಣೆ ಬೆಚ್ಚಗಿತ್ತು. ಮಕ್ಕಳಿಗೆ ಹಾಕಬೇಕಾದ ಲಸಿಕೆಯೆಲ್ಲ ಹಾಳು. ಒಳಗಿನ ಸ್ವಿಚ್ಚಿನ ಕೆಳಗೆ ದಪ್ಪನೆಯ ನೀಲಿ ಕೋಟು ಬಿದ್ದಿತ್ತು.

"ಫಾರ್ಮಸಿಸ್ಟಮ್ಮಂದು. ದಿನಾ ಇದನ್ನೇ ಹಾಕ್ಕೊಂಡು ಒಳಗೆ ಹೋಗ್ತಾರೆ," ಎಂದರು ಉಗ್ರಾಣದ ಸಾಹೇಬರು. "ಇವತ್ತೇ ಕೆಲಸದಿಂದ ತೆಗೀಬೇಕು."

ತನಿಖೆಗೆ ಬಂದ ಅಧಿಕಾರಿಣಿ ಆತುರದ ಹೆಂಗಸಲ್ಲ. ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿದಳು.

"ಕೋಣೆ ತಂಪು ಮಾಡೋ ಮೋಟಾರು ಗಟ್ಟಿಮುಟ್ಟಾಗಿದೆ. ಯಾರೋ ಕೈಯಾರೆ ಆರಿಸಿದ್ದಾರೆ," ಎಂದ ಅವನು.

ಕರೆಂಟು ಹೋಗಿ ಕೆಟ್ಟ ಲಸಿಕೆಯನ್ನು ಸಾಹೇಬರು ಆಸ್ಪತ್ರೆಗಳಿಗೆ ಸಾಗಿಸಿದ್ದಾರೆಂದು ಇದೇ ಫಾರ್ಮಸಿಸ್ಟ್ ಹಿಂದಿನ ತಿಂಗಳು ದೂರು ಕೊಟ್ಟಿದ್ದಳು. ಅದರಲ್ಲಿ ಮಿಕ್ಕ ಲಸಿಕೆ ಇದೇ ಶೀತಕೋಣೆಯಲ್ಲಿತ್ತು.

"ಆಮೇಲೆ ಅವರಿಗೇನಾದ್ರೂ ತೊಂದರೆ ಕೊಟ್ರಾ?" ಎಂದು ಅಧಿಕಾರಿಣಿ ಸಾಹೇಬರನ್ನು ಕೇಳಿದಳು.

"ಛೆ ಛೆ! ಎಲ್ಲಾ ಮೊದಲಿನ ಹಾಗೇ."

* * *

ಒಳಗೆ ಎಲ್ಲರ ಜೊತೆಗಿದ್ದ ಫಾರ್ಮಸಿಸ್ಟಳ ಮೇಜು ದೂರಿನ ನಂತರ ಹೊರಗೆ, ಮೋಟಾರಿನ ಬಿಸಿಗಾಳಿ ಮುಖಕ್ಕೆ ರಾಚುವ ಪಡಸಾಲೆಗೆ ಬಂದಿತ್ತು. ಅದನ್ನು ನೋಡಿಯೇ ಅಧಿಕಾರಿಣಿಗೆ ಸಿಟ್ಟು ಬಂತು.

"ಕೋಟು ನಂದೇ, ಮೇಡಂ. ದೂರು ಕೊಟ್ಟ ಮಾರನೇ ದಿನಾನೇ ಸಾಹೇಬ್ರು ಕಿತ್ತಿಟ್ಕೊಂಡ್ರು. ಆಮೇಲೆ ನಾನು ಒಳಗೆ ಕಾಲಿಟ್ಟಿಲ್ಲ. ಈ ಕೆಲಸ ಹೋದ್ರೆ ನನ್ನ ಮಕ್ಕಳ ಗತಿ?"

"ನೋಡಿದೋರು ಯಾರಾದ್ರೂ ಇದ್ದಾರಾ?"

ಸಹೋದ್ಯೋಗಿಗಳೆಲ್ಲ ನೆಲ ನೋಡಿದರು. ಇವತ್ತು ಅವಳಿಗೆ, ನಾಳೆ ತಮಗೆ ಎಂಬ ಭಯ.

* * *

ಅಧಿಕಾರಿಣಿ ಸಾಹೇಬರ ಕೋಣೆಯಲ್ಲೇ ಕೋಟನ್ನು ಮೂಸಿದಳು.

"ದಿನಾ ಶೀತಕೋಣೆಗೆ ಹೋಗೋ ಕೋಟು ಮುಗ್ಗಲು ವಾಸನೆ ಹೊಡೀಬೇಕು. ಇದ್ಯಾಕೆ ನುಸಿಗುಳಿಗೆ ನಾತ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಸಾಹೇಬರ ಕಣ್ಣು ತಮ್ಮ ಬೀರುವಿನ ಕಡೆ ಹೋಯಿತು. ಬೀಗದ ಕೈ ಅವರ ಜೇಬಿನಲ್ಲೇ ಇತ್ತು. ತೆರೆದರೆ ಅದೇ ನಾತ. ತಳದಲ್ಲಿ ಬಿಳಿ ಗುಳಿಗೆಗಳು. ಅವುಗಳ ನಡುವೆ ಒಂದು ನೀಲಿ ಗುಂಡಿ. ಕೋಟಿನ ಕೊನೆಯ ಗುಂಡಿ ಕಿತ್ತುಹೋಗಿತ್ತು.

"ದಿನಾ ಇಲ್ಲೇ ಕೂರೋ ನಿಮ್ಮ ಮೂಗಿಗೆ ಈ ನಾತ ಗೊತ್ತಾಗ್ಲಿಲ್ಲ. ಒಂದೇ ಕಲ್ಲಿಗೆ ಎರಡು ಹಕ್ಕಿ ಅಂದ್ಕೊಂಡ್ರಿ. ಎಲ್ಲಾ ಲಸಿಕೆ ಕೆಟ್ರೆ ಮೊದಲೇ ಕೆಟ್ಟಿದ್ದು ಯಾವ್ದು ಅಂತ ಗೊತ್ತಾಗಲ್ಲ, ದೂರಿಗೆ ಪುರಾವೆ ಇಲ್ಲ, ದೂರು ಕೊಟ್ಟೋಳಿಗೆ ಕೆಲಸ ಇಲ್ಲ. ಆದ್ರೆ ಅವಳ ಮೇಲೆ ಸೇಡು ತೀರಿಸ್ಕೊಳ್ಳೋಕೆ ಕೋಟು ಕಿತ್ಕೊಂಡ್ರಲ್ಲ, ಅದೇ ಅವಳನ್ನ ಉಳಿಸ್ತು."

ಸಾಹೇಬರು ಬೀಗದ ಕೈಯನ್ನು ಮೇಜಿನ ಮೇಲಿಟ್ಟರು.

ಬಾಗಿಲಲ್ಲಿ ನಿಂತಿದ್ದ ಹಿರಿಯ ಗುಮಾಸ್ತ ಒಳಗೆ ಬಂದ. "ಕೋಟು ಕಿತ್ಕೊಂಡಿದ್ದು ನಾನು ನೋಡಿದ್ದೆ, ಮೇಡಂ."

"ನಾನೂ," ಎಂದಿತು ಹಿಂದಿನಿಂದ ಇನ್ನೊಂದು ದನಿ.

"ಬರೆದು ಕೊಡಿ. ನಿಮ್ಮ ಕೂದಲು ಕೊಂಕದ ಹಾಗೆ ನೋಡ್ಕೊಳ್ಳೋ ಹೊಣೆ ನಂದು," ಎಂದಳು ಅಧಿಕಾರಿಣಿ.

ಅವಳು ಹೊರಡುವಾಗ ಪಡಸಾಲೆ ಖಾಲಿಯಾಗಿತ್ತು. ನೆಲ ನೋಡಿದ್ದವರೇ ನಾಲ್ಕೂ ಮೂಲೆ ಹಿಡಿದು ಫಾರ್ಮಸಿಸ್ಟಳ ಮೇಜನ್ನು ಒಳಗೆ ಹೊರುತ್ತಿದ್ದರು.